ಗಂಟು ಬಿಚ್ಚಲಿಲ್ಲ

ಗೂಡು ನೇಯುವುದನ್ನು ಗೀಜಗನಿಗೆ ಯಾರೂ ಕಲಿಸಬೇಕಿಲ್ಲ ಎಂದು ನೀವು ಕೇಳಿರಬಹುದು, ಮಕ್ಕಳೇ. ಅದು ತಪ್ಪು. ಕಲಿಯದೆ ಯಾರಿಗೂ ಏನೂ ಬರುವುದಿಲ್ಲ.

ಕಾಡಿನಂಚಿನ ಕೆರೆಯ ಮೇಲೆ ಬಾಗಿದ್ದ ಒಂದು ಹೊಂಗೆಮರದಲ್ಲಿ ಎಂಟು ದಿನಕ್ಕೊಮ್ಮೆ ಬೆಳಗ್ಗೆ ಹಕ್ಕಿಗಳ ಸಭೆ ಸೇರುತ್ತಿತ್ತು. ಗೂಡಿನ ವಿದ್ಯೆ ಬಲ್ಲ ಒಬ್ಬರು ಮಾತಾಡುವುದು, ಉಳಿದವರು ಕೇಳುವುದು. ಸಭೆ ನಡೆಸುತ್ತಿದ್ದವನು ಹೊಂಬಣ್ಣನೆಂಬ ಹಿರಿಯ ಗೀಜಗ. ನೀರಿನ ಮೇಲೆ ಚಾಚಿದ ಕೊಂಬೆಯ ತುದಿಯಲ್ಲೇ ಅವನ ಗೂಡು ತೂಗುತ್ತಿತ್ತು. ಒಳಗೆ ಅವನ ಹೆಂಡತಿ ಮೂರು ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದಳು.

ಹೊಂಬಣ್ಣನ ಕೆಲಸ ಚೊಕ್ಕ, ಸಮಯವೂ ಚೊಕ್ಕ. ದೋಷವಿದ್ದದ್ದು ನಾಲಿಗೆಯಲ್ಲಿ. ಯಾವ ಮಾತನ್ನೂ ಅವನು "ಎಲ್ಲರಿಗೂ ಗೊತ್ತಿರುವ ಹಾಗೆ" ಎಂದೇ ಶುರು ಮಾಡುತ್ತಿದ್ದ. ಗೊತ್ತಿಲ್ಲದವರು ತಲೆ ತಗ್ಗಿಸಿ ಕೂರುತ್ತಿದ್ದರು. ಮುಂದಿನ ಸಭೆಗೆ ಬರುತ್ತಿರಲಿಲ್ಲ.

"ಹೊಸಬರು ಯಾರೂ ನಿಲ್ಲೋದೇ ಇಲ್ಲವಲ್ಲ!" ಎಂದು ಅವನೇ ಗೊಣಗುತ್ತಿದ್ದ.

ಒಂದು ಬೆಳಗ್ಗೆ ಸೂಜಕ್ಕ ಬಂದಳು. ಅವಳು ಸಿಂಪಿಗ ಹಕ್ಕಿ, ಎಲೆ ಹೊಲಿದು ಗೂಡು ಮಾಡುವವಳು.

"ಹೊಸಬರು ಹಿಂದೆ," ಎಂದ ಸಭೆಗೆ ತಪ್ಪದೆ ಬರುವ ಗೊರವಂಕ.

ಹಿಂದೆ ಎಂದರೆ ಗೂಡು ತೂಗುತ್ತಿದ್ದ ಆ ಕೊಂಬೆಯ ಬುಡ. ಸೂಜಕ್ಕ ಅಲ್ಲಿ ಕುಳಿತಳು. ಅಭ್ಯಾಸಬಲದಿಂದ ಪಕ್ಕದ ಎಲೆಗೆ ಕೊಕ್ಕು ಚುಚ್ಚಿದಳು. ಎಲೆ ಪುಡಿಯಾಯಿತು. ಕಾಲಡಿಯ ತೊಗಟೆಯಿಂದಲೂ ಸಣ್ಣಗೆ ಹುಡಿ ಉದುರಿತು.

ಮುಂದೆ ಹೊಂಬಣ್ಣ ಹೇಳುತ್ತಿದ್ದ: "ಎಲ್ಲರಿಗೂ ಗೊತ್ತಿರುವ ಹಾಗೆ, ಗಂಟು ಕೊಂಬೆಯನ್ನು ಬಿಗಿಯಾಗಿ ಹಿಡಿದರೆ ಗೂಡು ಬೀಳುವುದಿಲ್ಲ."

"ಅಣ್ಣಾ, ನನಗೆ ಗೊತ್ತಿಲ್ಲ, ಅದಕ್ಕೆ ಕೇಳ್ತೀನಿ," ಎಂದಳು ಸೂಜಕ್ಕ. "ಗಂಟು ಕೊಂಬೆಯನ್ನ ಹಿಡೀತು, ಸರಿ. ಕೊಂಬೆಯನ್ನ ಯಾವುದು ಹಿಡ್ಕೊಂಡಿದೆ?"

ಗೊರವಂಕ ಕಿಸಕ್ಕನೆ ನಕ್ಕ. "ಮರ ಕಣಮ್ಮಾ, ಮರ! ಕೆರೆಯಲ್ಲಿ ನೀರು ಯಾಕಿದೆ ಅಂತಾನೂ ಕೇಳಿಬಿಡು."

ಸಭೆಯೆಲ್ಲ ನಕ್ಕಿತು.

"ಅದಲ್ಲ, ಇಲ್ಲಿ ಬುಡದಲ್ಲಿ..."

"ತಾಯೀ," ಎಂದು ಹೊಂಬಣ್ಣ ತಡೆದ, "ಇದು ಅಂಗನವಾಡಿಯಲ್ಲ. ಮೊದಲು ಹತ್ತು ಸಭೆ ಕೂತು ಕೇಳು. ಪ್ರಶ್ನೆ ಆಮೇಲೆ."

ಸೂಜಕ್ಕ ಎದ್ದು ಹೋದಳು. ಯಾರೂ ಕರೆಯಲಿಲ್ಲ.

ಮೂರನೆಯ ದಿನ ಗಾಳಿ ಬೀಸಿತು, ಅಂಥ ಜೋರಿನದೇನಲ್ಲ. ಕೊಂಬೆ ಬುಡದಲ್ಲೇ ಲಟಕ್ಕನೆ ಮುರಿಯಿತು. ಹೊಂಬಣ್ಣನ ಗಂಟು ಬಿಚ್ಚಲಿಲ್ಲ. ಕೊಂಬೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಗೂಡು ನೀರಿಗಿಳಿಯಿತು. ಹೆಂಡತಿ ಹೇಗೋ ಹಾರಿ ಹೊರಬಂದಳು. ಮೊಟ್ಟೆಗಳಿಗೆ ರೆಕ್ಕೆಯಿರಲಿಲ್ಲ.

ಹೊಂಬಣ್ಣ ಮುರಿದ ಬುಡವನ್ನು ನೋಡಿದ. ಒಳಗೆಲ್ಲ ಹುಳು ಕೊರೆದು ಟೊಳ್ಳು. ಹತ್ತಾರು ಸಭೆ ನಡೆಸಿದವನು ಒಮ್ಮೆಯೂ ಹಿಂದಿನ ಸಾಲಿನಲ್ಲಿ ಕುಳಿತಿರಲಿಲ್ಲ.

ಅವನು ಬೇಲಿಯ ಪೊದೆಗಳಲ್ಲಿ ಹುಡುಕಿ ಸೂಜಕ್ಕನ ಮನೆಗೆ ಹೋದ.

"ನನಗೆ ಗೊತ್ತಿರಲಿಲ್ಲ, ಅಕ್ಕಾ."

"ನನಗೂ ಪೂರ್ತಿ ಗೊತ್ತಿರಲಿಲ್ಲ ಅಣ್ಣಾ," ಎಂದಳು ಸೂಜಕ್ಕ. "ಅದಕ್ಕೇ ಕೇಳಿದ್ದು."

ನೀತಿ: ಹೊಸಬರ ಪ್ರಶ್ನೆಗೆ ನಕ್ಕವನಿಗೆ ತಾನು ಕುಳಿತ ಕೊಂಬೆಯ ಬುಡ ಕಾಣುವುದಿಲ್ಲ.