ರಾಕ್ಷಸನ ಗುಹೆಗೆ ವಾಸ್ತು

ಕೇಳಿದಂಥ ಮಾಯಾರಾಜ್ಯದ ನಕ್ಷೆ ಬರೆದು, ಅಲ್ಲಿನ ಕಥೆಯನ್ನೂ ಹೇಳುವ ಎಐ ಆ್ಯಪ್ ಕಟ್ಟಿದ್ದಳು ಕುಸುಮಾ. ನಕ್ಷೆ ನೋಡಿದ ಕಂಪನಿ ಮಾಲೀಕ ಫಾಲಾಕ್ಷಪ್ಪ ಕೆಂಡಾಮಂಡಲವಾದ.

“ರಾಕ್ಷಸನ ಗುಹೆಗೆ ಈಶಾನ್ಯದಲ್ಲಿ ಕಕ್ಕಸೇ? ವಾಸ್ತು ಸರಿಮಾಡು, ಇಲ್ಲಾಂದ್ರೆ ನಾಳೆಯಿಂದ ಬರಬೇಡ!”

“ಆಗಲಿ ಸಾರ್” ಎಂದು ಕುಸುಮಾ ಎಐಗೆ ಅಪ್ಪಣೆ ಕೊಟ್ಟಳು: “ಗುಹೆಗೆ ಪಕ್ಕಾ ವಾಸ್ತು ಮಾಡು. ಅದರ ಫಲವನ್ನೂ ಪೂರ್ತಿ ಕೊಡು.”

ಆ್ಯಪ್ ಬಿಡುಗಡೆಯ ದಿನ ಫಾಲಾಕ್ಷಪ್ಪ ಅತಿಥಿಗಳ ಮುಂದೆ ಕಥೆಯ ರಾಜಕುಮಾರನನ್ನು ರಾಕ್ಷಸನ ಮೇಲೆ ಯುದ್ಧಕ್ಕೆ ಕಳಿಸಿದ. ರಾಕ್ಷಸ ಗೆದ್ದ. ಮತ್ತೆ ಕಳಿಸಿದ. ರಾಕ್ಷಸನಿಗೆ ಗೆಲುವಿನ ಜೊತೆ ಅವಳಿ ಮಕ್ಕಳೂ ಆದವು. ಇನ್ನೊಮ್ಮೆ ಕಳಿಸಿದರೆ, ರಾಜಕುಮಾರ ಗುಹೆಯಲ್ಲೇ ಅಡುಗೆ ಕೆಲಸಕ್ಕೆ ಸೇರಿಕೊಂಡ! ಅತಿಥಿಗಳು ಹೊಟ್ಟೆ ಹಿಡಿದು ನಕ್ಕರು.

“ಈ ರಾಕ್ಷಸ ಸೋಲೋದೇ ಇಲ್ವಲ್ಲ!” ಎಂದು ಫಾಲಾಕ್ಷಪ್ಪ ಬೆವರಿದ.

“ವಾಸ್ತು ಬಲ ಸಾರ್.”

“ಹಾಗಾದ್ರೆ ಈಶಾನ್ಯದಲ್ಲಿ ಒಂದು ಕಕ್ಕಸು ಕಟ್ಟಿಸು ತಾಯಿ!”

“ಮೊದಲೇ ಕಟ್ಟಿಸಿದ್ದೆ ಸಾರ್,” ಎಂದಳು ಕುಸುಮಾ. “ಒಡೆಸಿದ್ದು ನೀವು.”