ಕಲ್ಲಿದ್ದಲು ಯಾರನ್ನು ಕರೆಯುತ್ತದೆ?

ಭೂಮಿ ಇನ್ನೂ ಹಸಿ ಮಣ್ಣಿನ ಮುದ್ದೆಯಾಗಿದ್ದ ಕಾಲವದು, ಕೂಸೇ. ಗುಡ್ಡಗಳಿಗೆ ಹೆಸರಿರಲಿಲ್ಲ, ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ. ಆಗ ಒಂದು ದೊಡ್ಡ ಕೆಸರು ಹೊಂಡದ ನಡುವೆ ಹಸಿರವ್ವ ಅನ್ನೋ ಮರ ಇದ್ದಳು.

ಹಸಿರವ್ವನಿಗೆ ಬಿಸಿಲೆಂದರೆ ಪ್ರಾಣ. ಬೆಳಿಗ್ಗೆ ಕುಡಿಯುತ್ತಿದ್ದಳು, ಮಧ್ಯಾಹ್ನ ಕುಡಿಯುತ್ತಿದ್ದಳು. ಸಂಜೆ ಸೂರ್ಯ ಹೊರಟು ನಿಂತಾಗಲೂ, "ಇನ್ನೊಂದು ಗುಟುಕು ಕೊಟ್ಟು ಹೋಗಪ್ಪಾ" ಅನ್ನುತ್ತಿದ್ದಳು.

"ನಿನ್ನ ಹೊಟ್ಟೆಗೆ ತಳವೇ ಇಲ್ಲವಲ್ಲ ತಾಯಿ!" ಅಂತ ನಕ್ಕು, ಸೂರ್ಯ ಕೊಟ್ಟೇ ಹೋಗುತ್ತಿದ್ದ.

ಎಂಥ ಮರಕ್ಕೂ ಮುಪ್ಪು ತಪ್ಪದು. ಒಂದು ದಿನ ಹಸಿರವ್ವ ಧೊಪ್ಪನೆ ಕೆಸರಿಗೆ ಬಿದ್ದಳು. ಎಲೆ ಕೊಳೆಯಿತು, ತೊಗಟೆ ಕೊಳೆಯಿತು. ಆ ಕೊಳೆತ ಎಲೆಗಳ ನಡುವಿನಿಂದ 'ಗುಳುಕ್' ಅಂತ ಒಂದು ಗಾಳಿಕೂಸು ಹುಟ್ಟಿತು. ಬಣ್ಣವಿಲ್ಲ, ರೂಪವಿಲ್ಲ, ಹಿಡಿದರೆ ಕೈಗೆ ಸಿಗದು. ಹಾಗಂತ ಬಿಡೋಕಾಗುತ್ತಾ? ಹೆತ್ತವರಿಗೆ ಹೆಗ್ಗಣ ಮುದ್ದು! ಹಸಿರವ್ವ ಮಗಳಿಗೆ ಗುಳುಕಿ ಅಂತ ಹೆಸರಿಟ್ಟು ಎದೆಗವುಚಿಕೊಂಡಳು.

ಭೂತಾಯಿ ಅವರ ಮೇಲೆ ಮಣ್ಣು ಹೊದಿಸಿದಳು, ಮರಳು ಹೊದಿಸಿದಳು, ಬಂಡೆಯನ್ನೂ ಹೊದಿಸಿದಳು. ಆ ಭಾರಕ್ಕೆ ಹಸಿರವ್ವ ಕರ್ರಗಾದಳು, ಕಲ್ಲಾದಳು. ಆದರೆ ಮೈಯೊಳಗೆಲ್ಲ ಕಣ್ಣಿಗೆ ಕಾಣದಷ್ಟು ಪುಟ್ಟ ಪುಟ್ಟ ಗೂಡುಗಳನ್ನು ಉಳಿಸಿಕೊಂಡಳು. ಒಂದೊಂದು ಗೂಡಿನ ಗೋಡೆಗೂ ಅಂಟಿಕೊಂಡು ಗುಳುಕಿ ಮಲಗಿದಳು.

"ನಿನ್ನ ಮಗಳು ಬೆಂಕಿ ಕಂಡರೆ ಭಗ್ ಅಂತ ಹೊತ್ತಿಕೊಳ್ಳೋಳು. ಇಲ್ಲೇ ಇರಲಿ" ಅಂದಳು ಭೂತಾಯಿ. "ನಾನು ಅದುಮಿ ಹಿಡಿದಿರೋ ತನಕ ಅವಳು ಎಲ್ಲೂ ಹೋಗಲ್ಲ."

ಕತ್ತಲೆಯಲ್ಲಿ ಗುಳುಕಿಯದು ಒಂದೇ ಹಟ. "ಅವ್ವಾ, ಸೂರ್ಯನ ಕಥೆ ಹೇಳು." ಹಸಿರವ್ವ ಹೇಳುತ್ತಿದ್ದಳು. ಮತ್ತೆ ಕೇಳಿದರೆ ಮತ್ತೆ ಹೇಳುತ್ತಿದ್ದಳು. ಹೇಳ್ತಾ ಹೇಳ್ತಾ ಯುಗಗಳೇ ಉರುಳಿದವು.

ಒಮ್ಮೆ ಗುಳುಕಿ ಕೇಳಿದಳು, "ಅವ್ವಾ, ಸಂಜೆ ಸೂರ್ಯನ ಬಣ್ಣ ಯಾವುದು?"

ಹಸಿರವ್ವ ಬಾಯಿ ತೆರೆದಳು. ಅಯ್ಯೋ, ಅಷ್ಟು ಪ್ರೀತಿಯಿಂದ ಕುಡಿದ ಬಿಸಿಲಿನ ಬಣ್ಣವೇ ಅವಳಿಗೆ ಮರೆತುಹೋಗಿತ್ತು! ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಅಳಬೇಡವ್ವಾ. ನಾನು ಹೋಗಿ ನೋಡಿ ಬಂದು ಹೇಳ್ತೀನಿ."

"ಹೋದವರು ಬರಲ್ಲ ಮಗಳೇ. ಬೆಂಕಿ ಕಂಡರೆ ನೀನು ಉಳಿಯಲ್ಲ."

ಆ ಹೊತ್ತಿಗೆ ಮೇಲೆ ಮನುಷ್ಯರು ಬಂದಿದ್ದರು. ಅವರು ಸುಮ್ಮನೆ ಕೂರೋ ಜಾತಿಯೇ? ಅಗೆದರು, ಅಗೆದರು, ಅಗೆಯುತ್ತಲೇ ಹೋದರು. ಭಾರ ಇಳಿಯಿತು, ಭೂತಾಯಿಯ ಹಿಡಿತ ಸಡಿಲವಾಯಿತು. ಹಸಿರವ್ವನ ಮೈ ಬಿರುಕು ಬಿಟ್ಟಿತು.

"ಅವ್ವಾ, ದಾರಿ ಆಯ್ತು! ಬಿಡವ್ವಾ!"

ಹಸಿರವ್ವ ಮನಸ್ಸು ಗಟ್ಟಿ ಮಾಡಿಕೊಂಡಳು. ಒಂದು ಗೂಡು ತೆರೆದಳು. ಸುಸ್! ಇನ್ನೊಂದು ತೆರೆದಳು. ಸುಸ್! ಆದರೆ ಎಲ್ಲಕ್ಕಿಂತ ಒಳಗಿನ ಗೂಡನ್ನು ತೆರೆಯಲು ಮನಸ್ಸೇ ಬರಲಿಲ್ಲ. "ಇಷ್ಟಾದರೂ ನನ್ನ ಹತ್ತಿರ ಇರು ಮಗಳೇ. ಇದನ್ನೂ ಕೊಟ್ಟರೆ ನಾನು ಬರೀ ಕಲ್ಲು."

"ಆಗಲಿ ಅವ್ವಾ" ಅಂದು ಗುಳುಕಿ ಒಂದಿಷ್ಟು ಅಲ್ಲೇ ಉಳಿದಳು, ಮಿಕ್ಕಷ್ಟು ಹೊರಟುಹೋದಳು.

ಖಾಲಿ ಮನೆ ಯಾರಿಗೆ ಬೇಕು ಹೇಳು! ಅಂದಿನಿಂದ ಹಸಿರವ್ವ ಹಾದುಹೋಗುವ ಗಾಳಿಯನ್ನೆಲ್ಲ ಒಳಗೆ ಕರೆದಳು. "ಬಾರಪ್ಪಾ, ಕೂತ್ಕೋ. ನನ್ನ ಗುಳುಕಿಯನ್ನು ಎಲ್ಲಾದರೂ ಕಂಡೆಯಾ?"

"ಇಲ್ಲ ತಾಯಿ" ಅನ್ನುತ್ತಿದ್ದವು ಗಾಳಿಗಳು. ಪಾಪ, ಎದ್ದು ಹೋಗಲು ಮನಸ್ಸಾಗದೆ ಗೂಡುಗಳಲ್ಲೇ ಕೂರುತ್ತಿದ್ದವು.

ಕೊನೆಗೆ ಜನ ಅವಳನ್ನು ಒಡೆದು ಮೇಲೆ ತಂದರು. ಒಂದು ತುಂಡು ಕಮ್ಮಾರ ಮೋನಪ್ಪನ ಕುಲುಮೆಗೆ ಬಂತು. ಅವನ ಹೆಂಡತಿ ಕಾಳವ್ವ ತಿದಿ ಒತ್ತಿ ಗಾಳಿ ಊದುತ್ತಿದ್ದಳು.

"ಇದೇನೇ, ಸುಸ್ ಸುಸ್ ಅಂತೈತಿ?" ಅಂದ ಮೋನಪ್ಪ.

"ತಡೀರಿ, ಯಾರನ್ನೋ ಕರೀತೈತಿ" ಅಂದಳು ಕಾಳವ್ವ.

ಬೆಂಕಿ ಹತ್ತಿರ ಬಂತು. ಒಳಗಿನ ಗೂಡಿನಿಂದ ಗುಳುಕಿ ಕೂಗಿದಳು, "ಅವ್ವಾ, ಈಗ ಬಿಡು."

"ಉರಿದು ಹೋಗ್ತೀಯಲ್ಲೇ ಕಂದಾ!"

"ಮುಚ್ಚಿ ಇಟ್ಟುಕೊಂಡರೆ ಕತ್ತಲೇ ಅವ್ವಾ. ಒಂದು ಸಲ ಬೆಳಕಾಗ್ತೀನಿ."

ಹಸಿರವ್ವ ಕಣ್ಣು ಮುಚ್ಚಿ ಕೊನೆಯ ಗೂಡನ್ನೂ ತೆರೆದಳು. ಗುಳುಕಿ ಹೊರಗೆ ಹಾರಿ, ಹುಟ್ಟಿದಾಗಿನಿಂದ ಬಣ್ಣವೇ ಇಲ್ಲದವಳು, ನೀಲಿ ಉರಿಯಾಗಿ ಕುಣಿದಳು. ಆ ಕಾವಿಗೆ ಹಸಿರವ್ವನ ಹೊಟ್ಟೆಯಲ್ಲಿ ಮಲಗಿದ್ದ ಹಳೆಯ ಬಿಸಿಲೆಲ್ಲ ಎಚ್ಚರವಾಯಿತು. ಅವಳು ತನ್ನ ಮೈ ತಾನೇ ನೋಡಿಕೊಂಡಳು. "ಕೆಂಪು! ಸಂಜೆ ಸೂರ್ಯ ಕೆಂಪಗಿದ್ದ, ಮಗಳೇ!"

ಅದಕ್ಕೇ ಕೂಸೇ, ಇವತ್ತಿಗೂ ಕುಲುಮೆಗೆ ಕಲ್ಲಿದ್ದಲು ಹಾಕಿದರೆ ಮೊದಲು ಸುಸ್ ಅಂತ ಮಗಳನ್ನು ಕರೆಯುತ್ತದೆ, ಆಮೇಲೆ ಒಂದು ನೀಲಿ ಉರಿ ಎದ್ದು ಕುಣಿಯುತ್ತದೆ, ಅದು ಆರಿದ ಮೇಲೂ ಕಲ್ಲಿದ್ದಲು ಬಹಳ ಹೊತ್ತು ಕೆಂಪಗೇ ಇರುತ್ತದೆ.