ಮೂಕಗಟ್ಟೆಯ ಒದ್ದೆ ಗೋಡೆ

ಹಿರೇಕೋಟೆ ಪಟ್ಟಣದ ಹಳೆಯ ಪೇಟೆ ಮುಗಿಯುವಲ್ಲಿ ಮೂಕಗಟ್ಟೆ ಎಂಬ ಹೊಂಡವಿದೆ. ಸಂಜೆಯಾದರೆ ಅದರ ಮೆಟ್ಟಿಲುಗಳ ಮೇಲೆ ಹಾಡಿನವರದೇ ಗದ್ದಲ. ಆರ್ಕೆಸ್ಟ್ರಾದವರು ಅಲ್ಲೇ ತಾಲೀಮು ಮಾಡುತ್ತಾರೆ. ಮಂಡಿನೋವಿನ ಮುದುಕಿಯರು ದನಿಗೂಡಿಸಿ ಹಗುರಾಗಿ ಮನೆಗೆ ಹೋಗುತ್ತಾರೆ. ಇಂಥ ಜಾಗಕ್ಕೆ ಈ ಹೆಸರೇಕೆ ಎಂದು ಹೊಸಬರು ಕೇಳುವುದುಂಟು.

ಹಿಂದೆ ಒಮ್ಮೆ, ಪಾಳೆಗಾರರ ಕಾಲದಲ್ಲಿ ಈ ಹೊಂಡ ಕಟ್ಟುವಾಗ, ಗೋಡೆಯ ಒಳಮೈಗೆ ಹಾಸಿದ ಗಾರೆಯನ್ನು ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಗಳಿಂದ ಬಡಿಯುತ್ತಿದ್ದರು ಎನ್ನುತ್ತಾರೆ. ಅವರಲ್ಲಿ ಸಣ್ಣಹನುಮಕ್ಕ ಎಂಬಾಕೆ ಹಾಡು ಎತ್ತಿಕೊಡುವಳು. ಅದರ ಲಯಕ್ಕೆ ಎಲ್ಲರ ಪೆಟ್ಟೂ ಒಟ್ಟಿಗೆ ಬೀಳುವುದು. ತಿಂಗಳೊಳಗೆ ಆ ಹಾಡು ಊರೆಲ್ಲ ಹಬ್ಬಿತು. ಅರಮನೆಯ ಗಾಯಕ ವಿರೂಪಯ್ಯನವರು ಇದೇ ಹೊಂಡದ ಮೇಲೆ ಕೀರ್ತನೆ ಕಟ್ಟಿ ಆಸ್ಥಾನದಲ್ಲಿ ಹಾಡಿದ್ದರು. ಎಲ್ಲರೂ ತಲೆದೂಗಿದರು, ಒಬ್ಬರೂ ಗುನುಗಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ, ಹೆಂಡತಿ ಭಾಗೀರಥಮ್ಮನೇ ಮೊಸರು ಕಡೆಯುತ್ತ ಗಾರೆಯವರ ಹಾಡು ಹೇಳಿಕೊಳ್ಳುತ್ತಿದ್ದಾಳೆ.

"ನನ್ನ ಕೀರ್ತನೆ ಬರೋದಿಲ್ವೇನೆ ನಿನಗೆ?"

"ಬರುತ್ತೆ. ಅದರ ಲಯಕ್ಕೆ ಕಡೆದರೆ ಬೆಣ್ಣೆ ಬರೋ ಹೊತ್ತಿಗೆ ಸಂಜೆಯಾಗುತ್ತೆ, ಅಷ್ಟೆ."

ಆ ಮಾತು ಕೇಳಿದ ವಿರೂಪಯ್ಯನವರು ನೇರ ಅರಮನೆಗೆ ನಡೆದರು. ದೇವರ ನೀರಿಗೆ ಬೀದಿಯ ಹಾಡು ಮೈಲಿಗೆ ಎಂದು ಪಾಳೆಗಾರನ ಕಿವಿ ಊದಿದರು. ಕೆಲಸದಲ್ಲಿ ಯಾರೂ ಹಾಡಬಾರದೆಂದು ಡಂಗುರವಾಯಿತು. ಬಡಗಣ ಗೋಡೆಯನ್ನು ಹೆಂಗಸರು ಮೂಕರಾಗಿ ಬಡಿದರು. ಒಬ್ಬಳ ಪೆಟ್ಟು ಮುಂದೆ, ಒಬ್ಬಳದು ಹಿಂದೆ. ನೀರು ತುಂಬಿದ ವಾರದಲ್ಲೇ ಆ ಗೋಡೆ ಹಿಂದಿನ ಓಣಿಗೆ ಜಿನುಗತೊಡಗಿತು.

ನೀರು ತೆಗೆದು, ಗಾರೆ ಕೆತ್ತಿ ಮತ್ತೆ ಹಾಸಿದಾಗ ಸಣ್ಣಹನುಮಕ್ಕ ಕೊಡತಿ ಮುಟ್ಟಲಿಲ್ಲ. "ಬಾಯಿ ಕಟ್ಟಿಸಿದೋರೇ ಬಿಡಿಸ್ಲಿ. ಅಯ್ನೋರು ಎತ್ತಿಕೊಡ್ಲಿ, ನಾವು ಸೊಲ್ಲು ಹಿಡೀತೀವಿ" ಎಂದಳು. ಪಾಳೆಗಾರ ಒಪ್ಪಿದ. ವಿರೂಪಯ್ಯನವರು ತಲೆ ತಗ್ಗಿಸಿ ಗಾರೆಯವರ ಹಾಡನ್ನೇ ಹಾಡಿದರು. ಒಂದು ಸಾಲೂ ತಪ್ಪಲಿಲ್ಲ.

"ಅಯ್ಯೋ ಶಿವನೇ, ನಮಗಿಂತ ಚೆನ್ನಾಗಿ ಕಲ್ತವ್ರೆ!" ಎಂದು ಹೆಂಗಸರು ನಕ್ಕರು.

ಕೊನೆಯ ನುಡಿ ಬರುವ ಹೊತ್ತಿಗೆ ದಂಡೆಯ ಮೇಲೆ ಊರೇ ನೆರೆದು ದನಿಗೂಡಿಸುತ್ತಿತ್ತು. ಅಷ್ಟು ದನಿಗಳ ನಡುವೆ ಭಾಗೀರಥಮ್ಮನದು ವಿರೂಪಯ್ಯನವರಿಗೆ ಬೇರೆಯಾಗಿಯೇ ಕೇಳಿಸಿತು. ತಮ್ಮ ಹಾಡಿಗೆ ಒಮ್ಮೆಯೂ ಏಳದ ದನಿ. ಅವರ ಬಾಯಿ ಮುಚ್ಚಿಕೊಂಡಿತು, ಕೊನೆಯ ನುಡಿ ಹಾಡದೇ ಉಳಿಯಿತು. ಎತ್ತಿಕೊಡುವವರು ನಿಲ್ಲಿಸಿದರೆ ಸೊಲ್ಲು ಹಿಡಿಯುವವರೂ ನಿಲ್ಲಿಸುವುದು ಪದ್ಧತಿ. ಗಾರೆ ಒಣಗುತ್ತಿತ್ತು, ಉಳಿದ ಒಂದು ಮಾರು ಗೋಡೆಯನ್ನು ಮೂಕವಾಗಿಯೇ ಬಡಿದು ಮುಗಿಸಿದರು.

ವಿರೂಪಯ್ಯನವರ ಕೀರ್ತನೆ ಈಗ ಯಾರಿಗೂ ಬಾರದು. ಹಿಂದಿನ ಓಣಿಗೆ ಹೋದರೆ ಗೋಡೆಯಲ್ಲಿ ಒಂದು ಮಾರು ಅಗಲಕ್ಕೆ ಕಡುಬೇಸಿಗೆಯಲ್ಲೂ ಪಾಚಿ ಕಾಣುತ್ತದೆ. ಅಲ್ಲಿ ಹಾಯುವಾಗ ಓಣಿಯ ಹೆಂಗಸರು ಹಾಡಿನ ಕೊನೆಯ ನುಡಿಯನ್ನಷ್ಟೇ ಗುನುಗುತ್ತಾರೆ. ಗೋಡೆ ಕೇಳಲಿ ಎಂದೋ, ವಿರೂಪಯ್ಯನವರು ಕೇಳಲಿ ಎಂದೋ ವಿಚಾರಿಸಿದರೆ, ನಕ್ಕು ಮುಂದೆ ಹೋಗುತ್ತಾರೆ.